ನಲವತ್ತೊಂದನೆಯ ಫಿಲ್ಮು

ಚೆನ್ನೈ
12-7-1998

ಪ್ರೀತಿಯ ರೋಜಕ್ಕ,

ಮನೆಗೆ ಬರೆಯದೆ ನಿನ್ನ ಕಾಲೇಜಿನ ವಿಳಾಸಕ್ಕೆ ಯಾಕೆ ಬರೆದಳು ಅಂದುಕೊಳ್ಳಬೇಡ. ಭಾವ ಓದಿದರೆ ನನಗೇನೂ ಅಡ್ಡಿಯಿಲ್ಲ. ಆದರೆ ಅವರ ಬಾಯಿಗೆ ಬಿದ್ದದ್ದು ವಾರದೊಳಗೆ ದೇವನೂರು ಮುಟ್ಟುತ್ತದೆ. ಇದು ಅಪ್ಪನಿಗೆ ಗೊತ್ತಾಗಬಾರದು. ಫೋನ್ ಮಾಡೋಣವೆಂದರೆ ನಿಮ್ಮ ಕಾಲೇಜಿನ ಫೋನು ಪ್ರಿನ್ಸಿಪಾಲರ ಮೇಜಿನ ಮೇಲೆ ಕೂತಿದೆ.

ನಿನ್ನೆ ನನ್ನ ಪಿಎಚ್.ಡಿ. ಗೈಡ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ನಲವತ್ತೊಂದನೆಯ ಫಿಲ್ಮಿನ ಗ್ರಾಫನ್ನು ಮೇಜಿನ ಮೇಲೆ ಹರವಿ, "ಇದನ್ನು ಯಂತ್ರ ಬರೆಯಿತೋ, ನೀನು ಬರೆದೆಯೋ?" ಅಂತ ಕೇಳಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

ಹನ್ನೊಂದು ವರ್ಷದಿಂದ ಲ್ಯಾಬ್ ಅಟೆಂಡರ್ ಆಗಿರುವ ನಿನಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಕರ್ಪೂರವನ್ನು ಆವಿ ಮಾಡಿ ಒಂಬೈನೂರು ಡಿಗ್ರಿ ಕಾದ ಕ್ವಾರ್ಟ್ಜ್ ಗಾಜಿನ ಕೊಳವೆಯೊಳಗೆ ಕಳಿಸುತ್ತೇವೆ. ಒಳಗೆ ಗಾಳಿ ಇರುವುದಿಲ್ಲ, ಹಾಗಾಗಿ ಅದು ಉರಿಯುವುದಿಲ್ಲ. ಒಡೆದು, ಅದರಲ್ಲಿರುವ ಇಂಗಾಲ ತಾಮ್ರದ ಹಾಳೆಯ ಮೇಲೆ ಕಪ್ಪು ಪೊರೆಯಾಗಿ ಕೂರುತ್ತದೆ. ಕೂದಲಿಗಿಂತ ನೂರು ಪಟ್ಟು ತೆಳು. ಈ ಪೊರೆಗೇ ನಾವು ಫಿಲ್ಮು ಅನ್ನುವುದು. ಅದೇ ಬ್ಯಾಟರಿಯ ಆನೋಡು. ಚಾರ್ಜ್ ಮಾಡಿದಾಗ ಲಿಥಿಯಂ ಅದರೊಳಗೆ ಹೋಗಿ ಕೂರಬೇಕು, ಬಳಸುವಾಗ ಹೊರಗೆ ಬರಬೇಕು. ಆದರೆ ಹೊಸ ಮಡಕೆಗೆ ಮೊದಲ ಸಲ ನೀರು ತುಂಬಿದರೆ ಮಡಕೆಯೇ ಒಂದಷ್ಟು ಕುಡಿದುಬಿಡುತ್ತದಲ್ಲ, ಹಾಗೆ ಈ ಪೊರೆಯೂ ಮೊದಲ ಸಲ ಕೊಟ್ಟದ್ದರಲ್ಲಿ ಅರ್ಧ ನುಂಗಿಬಿಡುತ್ತದೆ. ನೂರು ಹೋದರೆ ವಾಪಸು ಬರುವುದು ಐವತ್ತು. ಮೂರು ವರ್ಷದಿಂದ ನಾವೆಲ್ಲ ಬಡಿದಾಡುತ್ತಿರುವುದು ಇದರ ಜೊತೆಯಲ್ಲೇ. ನನ್ನ ನಲವತ್ತೊಂದನೆಯ ಫಿಲ್ಮಿನಲ್ಲಿ ಎಂಬತ್ತೇಳು ಬಂತು.

ಸರ್ ಖುಷಿಯಿಂದ ಪ್ರಬಂಧ ಬರೆದು ಪತ್ರಿಕೆಗೆ ಕಳಿಸಿದರು. ಪತ್ರಿಕೆಯವರು ಇನ್ನೊಮ್ಮೆ ಮಾಡಿ ತೋರಿಸಿ ಅಂದರು. ನಾನು ಏಳು ಸಲ ಮಾಡಿದೆ, ಬೇರೆಯವರು ನಾಲ್ಕು ಸಲ ಮಾಡಿದರು. ಐವತ್ತು, ಐವತ್ತೆರಡು, ನಲವತ್ತೆಂಟು. ಈಗ ಲ್ಯಾಬಿನಲ್ಲಿ ನಾನು ಹೋದರೆ ಮಾತು ನಿಲ್ಲುತ್ತದೆ. ಮೀಸಲಾತಿಯಲ್ಲಿ ಬಂದವರ ಕತೆಯೇ ಇಷ್ಟು ಅಂತ ಒಬ್ಬ ಹೇಳಿದ್ದು ನನ್ನ ಕಿವಿಗೇ ಬಿತ್ತು.

ಯಂತ್ರವೇ ಬರೆಯಿತು ಅಕ್ಕ. ಆದರೆ ನಾನೂ ಒಂದು ಸುಳ್ಳು ಬರೆದಿದ್ದೇನೆ. ಮಾರ್ಚ್ ಮೂವತ್ತನೇ ತಾರೀಖು ಸ್ಟಾಕ್ ಎಣಿಸುತ್ತಾರೆಂದು ಸ್ಟೋರ್ಸಿಗೆ ಬೀಗ ಹಾಕಿದ್ದರು. ಲ್ಯಾಬಿನ ಕರ್ಪೂರ ಮುಗಿದಿತ್ತು, ಕುಲುಮೆ ಕಾದಿತ್ತು. ಹಾಸ್ಟೆಲಿಗೆ ಓಡಿ, ಅವ್ವ ನನ್ನ ಟ್ರಂಕಿನ ಮೂಲೆಯಲ್ಲಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಗಂಟು ತಂದೆ. ಕರ್ಪೂರದ ವಾಸನೆ ಘಂ ಅನ್ನುತ್ತಿತ್ತು. ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿತ್ತು. ಪೂರ್ತಿ ಕೆರೆದು ಹಾಕಿದೆ. ನೋಟ್‌ಬುಕ್ಕಿನಲ್ಲಿ ಮಾತ್ರ ಲ್ಯಾಬಿನ ಖಾಲಿ ಬಾಟಲಿಯ ಲಾಟ್ ನಂಬರು ಬರೆದೆ. ಪುಟ್ಟಬಸವಯ್ಯನ ಮಗಳ ಟ್ರಂಕಿನಲ್ಲಿ ಕರ್ಪೂರ ಸಿಕ್ಕಿತು ಅಂತ ಬರೆಯಲು ನಾಚಿಕೆಯಾಯಿತು.

ನೀನು ದೇವನೂರಿಗೆ ಹೋಗಿ ಅವ್ವನನ್ನು ಕೇಳು. ಯಾವ ಕರ್ಪೂರ, ಯಾವ ಅಂಗಡಿಯದು, ಎಂದಿನಿಂದ ಇತ್ತು. ಅಪ್ಪ ಇಲ್ಲದಾಗ ಕೇಳು.

ನಿನ್ನ
ಕೋಮಲ

*

ತಿ. ನರಸೀಪುರ
29-7-1998

ಕೋಮಲ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ನಮ್ಮ ಲ್ಯಾಬಿನಲ್ಲಿ ಪಿಯುಸಿ ಮಕ್ಕಳು ತಪ್ಪು ಬಾಟಲಿಯ ಹೆಸರು ಬರೆದರೆ ನಾನೇ ರೆಕಾರ್ಡು ಕಿತ್ತುಕೊಂಡು ಲೆಕ್ಚರರ್ ಹತ್ತಿರ ಕೊಡುತ್ತೇನೆ. ನೀನು ಪಿಎಚ್.ಡಿ. ಮಾಡುವವಳು! ಬೈದಾಯಿತು, ಈಗ ವಿಷಯಕ್ಕೆ ಬರುತ್ತೇನೆ.

ಭಾನುವಾರ ದೇವನೂರಿಗೆ ಹೋಗಿದ್ದೆ. ಅಪ್ಪ ಸ್ನಾನಕ್ಕೆ ಹೋದಾಗ ಅವ್ವನನ್ನು ಮೆಲ್ಲಗೆ ಕೇಳಿದೆ. ಅವಳ ಮುಖ ನೋಡಬೇಕಿತ್ತು ನೀನು. ಕೈಯಲ್ಲಿದ್ದ ಮೊರ ಕೆಳಗಿಟ್ಟು ಬಚ್ಚಲ ಕಡೆ ಒಮ್ಮೆ ನೋಡಿದಳು.

"ಕರ್ಪೂರವಾ? ನಮ್ಮಟ್ಟೀಲಾ? ಯಾರವ್ವ ಯೇಳ್ದೋರು? ಅದು ನುಸಿಗುಳಿಗೆ. ಬಟ್ಟೆಗೆ ಅಂತ ಕಟ್ಟಿಕೊಟ್ಟಿದ್ದು" ಅಂದಳು. ನಾನು ಬಿಡದೆ ಇನ್ನೊಂದು ಸಲ ಕೇಳಿದ್ದಕ್ಕೆ, ನಿಮ್ಮಪ್ಪನ ಮಾನ ಕಳೀಬೇಕು ಅಂತಿದ್ದೀಯಾ ಅಂತ ನನಗೇ ತಿರುಗಿಬಿದ್ದಳು.

ಅವಳು ಹೇಳುವುದೂ ಸರಿಯೇ. ತೊಂಬತ್ತೊಂದರಲ್ಲಿ ಅಪ್ಪ ಧಮ್ಮ ದೀಕ್ಷೆ ತಗೊಂಡ ಮೇಲೆ ಆ ಮನೆಯಲ್ಲಿ ಊದುಬತ್ತಿ ಕೂಡ ಹಚ್ಚಿದ್ದು ನಾನು ಕಂಡಿಲ್ಲ. ಪಟಗಳನ್ನೆಲ್ಲ ಅವರೇ ಕೈಯಾರೆ ಇಳಿಸಿ ಹೊಳೆಗೆ ಬಿಟ್ಟು ಬಂದದ್ದು ನಿನಗೂ ನೆನಪಿದೆಯಲ್ಲ. ಆಮೇಲಿಂದ ಆ ಗೋಡೆಯಲ್ಲಿ ಬುದ್ಧ ಮತ್ತು ಬಾಬಾಸಾಹೇಬರು, ಇಬ್ಬರೇ.

ನೀನು ಮೂಸಿದ್ದು ಕರ್ಪೂರವೇ ಅಂತ ನಿನಗೆ ಖಾತ್ರಿಯೇ? ಎರಡೂ ಬೆಳ್ಳಗೇ ಇರುತ್ತವೆ, ಎರಡೂ ಮೂಗಿಗೆ ಹೊಡೆಯುತ್ತವೆ. ಮತ್ತೊಮ್ಮೆ ಯೋಚಿಸು.

ನಿನ್ನ ಅಕ್ಕ
ರೋಜಾ

*

ದೇವನೂರು
23-8-1998

ಮಗಳು ಕೋಮಲಳಿಗೆ ತಂದೆ ಪುಟ್ಟಬಸವಯ್ಯ ಬರೆಯುವುದು. ಜೈ ಭೀಮ್.

ಇಲ್ಲಿ ನಾವು ಆರೋಗ್ಯವಾಗಿದ್ದೇವೆ. ಎರಡು ತಿಂಗಳಿಂದ ನಿನ್ನ ಕಾಗದವಿಲ್ಲ. ಕೆಲಸ ಜಾಸ್ತಿ ಇರಬಹುದೆಂದು ತಿಳಿದಿದ್ದೇನೆ.

ಬರುವ ಅಕ್ಟೋಬರ್ ಹದಿನಾಲ್ಕರಂದು ನಂಜನಗೂಡಿನಲ್ಲಿ ನಮ್ಮ ಸಂಘದ ಧಮ್ಮ ದೀಕ್ಷಾ ದಿನದ ಸಭೆ ಇದೆ. ಕಾರ್ಯದರ್ಶಿಯಾಗಿ ನಾನು ಮಾತನಾಡಬೇಕು. ಈ ವರ್ಷ ನಿನ್ನ ವಿಷಯವನ್ನೇ ಹೇಳುವುದೆಂದು ನಿಶ್ಚಯಿಸಿದ್ದೇನೆ. ನನ್ನ ಮನೆಗೆ ಕರ್ಪೂರ ಕಾಲಿಡದೆ ಏಳು ವರ್ಷವಾಯಿತು, ನನ್ನ ಮಗಳು ಅದೇ ಕರ್ಪೂರವನ್ನು ಕುಲುಮೆಗೆ ಹಾಕಿ ಜನರಿಗೆ ಬೆಳಕು ಕೊಡುವ ಬ್ಯಾಟರಿ ಮಾಡುತ್ತಿದ್ದಾಳೆ, ಅದಕ್ಕೆ ಇರುವ ಸರಿಯಾದ ಉಪಯೋಗ ಇದೊಂದೇ ಎಂದು ಹೇಳುತ್ತೇನೆ. ನಮ್ಮ ಸಂಘದ ಹೆಡತಲೆಯ ಕರಿಯಯ್ಯನವರು ಇದನ್ನು ಕೇಳಿ ಬಹಳ ಸಂತೋಷಪಟ್ಟರು. ನಿನ್ನ ಪ್ರಬಂಧ ಅಚ್ಚಾದ ಪತ್ರಿಕೆಯ ಒಂದು ಪ್ರತಿ ಇದ್ದರೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸು. ಇಂಗ್ಲಿಷಿನಲ್ಲಿದ್ದರೂ ಪರವಾಗಿಲ್ಲ, ಎತ್ತಿ ತೋರಿಸುತ್ತೇನೆ.

ನಿನ್ನ ತಾಯಿ ಹೇಳಿ ಬರೆಸಿದ್ದು: ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು. ಟ್ರಂಕಿನ ಬಟ್ಟೆಗೆ ನುಸಿ ಹತ್ತಿಲ್ಲವಷ್ಟೆ. ಆ ಗುಳಿಗೆಯನ್ನು ಬಟ್ಟೆಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು. ಈ ಕೊನೆಯ ಮಾತನ್ನು ಎರಡು ಸಲ ಬರೆಯಲು ಹೇಳಿದಳು. ನಾನು ಒಂದೇ ಸಲ ಬರೆದಿದ್ದೇನೆ.

ಇಂತಿ,
ಪುಟ್ಟಬಸವಯ್ಯ

*

ಚೆನ್ನೈ
6-9-1998

ಅಕ್ಕ,

ಅಪ್ಪನ ಕಾಗದ ಬಂತು. ಮೂರು ದಿನ ಅದನ್ನು ಮಡಿಸುವುದು, ಬಿಚ್ಚುವುದು, ಇಷ್ಟೇ ಆಯಿತು ನನ್ನ ಕೆಲಸ. ಪ್ರಬಂಧ ಅಚ್ಚಾಗಿಲ್ಲ, ಆಗುವುದೂ ಇಲ್ಲವೇನೋ ಅಂತ ಅವರಿಗೆ ಹೇಗೆ ಬರೆಯಲಿ? ಅಂಚೆ ತಡ ಅಂತ ಇನ್ನೊಂದು ಸುಳ್ಳು ಬರೆದು ಹಾಕಿದೆ.

ಆ ಗುಳಿಗೆಯನ್ನು ಬಟ್ಟೆಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು ಅಂತ ಅವ್ವ ಅದರಲ್ಲಿ ಎರಡು ಸಲ ಬರೆಯಲು ಹೇಳಿದಳಂತೆ. ಏನೋ ಇದೆ. ಇಲ್ಲದಿದ್ದರೆ ನುಸಿಗುಳಿಗೆಗೆ ಇಷ್ಟು ಹೆದರುತ್ತಾರಾ?

ನಿನ್ನ ಮಾತಿನಂತೆ ಬರೀ ನುಸಿಗುಳಿಗೆ ಹಾಕಿಯೂ ಮಾಡಿ ನೋಡಿದೆ. ಕೊಳವೆ ಪೂರ್ತಿ ಮಸಿ ಹಿಡಿಯಿತು, ಪೊರೆ ತಾಮ್ರಕ್ಕೆ ಹತ್ತಲೇ ಇಲ್ಲ, ಹೊಪ್ಪಳಿಕೆಯಾಗಿ ಎದ್ದು ಬಂತು. ಅದನ್ನು ತೊಳೆಯಲು ಎರಡು ದಿನ ಬೇಕಾಯಿತು. ಆಮೇಲೆ ಈ ಊರಿನ ಪೂಜಾ ಸಾಮಾನಿನ ಅಂಗಡಿಗಳಿಂದ ಆರು ಬಗೆಯ ಕರ್ಪೂರ ತಂದೆ. ಯಾವುದರಲ್ಲೂ ಐವತ್ಮೂರು ದಾಟಲಿಲ್ಲ. ಹಾಗಾಗಿ ಅದು ನುಸಿಗುಳಿಗೆಯೂ ಅಲ್ಲ, ನನಗೆ ಗೊತ್ತಿರುವ ಕರ್ಪೂರವೂ ಅಲ್ಲ. ಮತ್ತೇನು ಅದು?

ಸರ್ ಗಡುವು ಕೊಟ್ಟಿದ್ದಾರೆ. ಡಿಸೆಂಬರ್ ಮುಗಿಯುವುದರೊಳಗೆ ಅವರ ಕಣ್ಣೆದುರು ಎಂಬತ್ತು ದಾಟಿಸಬೇಕು. ಆಗದಿದ್ದರೆ ಪ್ರಬಂಧವನ್ನು ಹಿಂದಕ್ಕೆ ತಗೊಳ್ಳುತ್ತಾರೆ, ನನ್ನ ರಿಜಿಸ್ಟ್ರೇಷನ್ ಇರಬೇಕೋ ಬೇಡವೋ ಅನ್ನುವುದನ್ನು ಜನವರಿ ಎಂಟರಂದು ಸಮಿತಿ ತೀರ್ಮಾನಿಸುತ್ತದೆ. ಅವರು ಕೆಟ್ಟವರಲ್ಲ ಅಕ್ಕ. ಅವರ ಹೆಸರೂ ಆ ಪ್ರಬಂಧದ ಮೇಲಿದೆ.

ಡಿಗ್ರಿ ಹೋದರೆ ಬೇರೆ ಕೆಲಸ ಹುಡುಕಬಹುದು. ಸುಳ್ಳು ಗ್ರಾಫು ಬರೆದವಳು ಅನ್ನಿಸಿಕೊಂಡು ಆ ಬಾಗಿಲಿಂದ ಹೊರಗೆ ಬರಲಾರೆ. ಇನ್ನೊಂದು ಸಲ ಹೋಗು. ಹೇಳದೆ ಹೋಗು.

ಕೋಮಲ

*

ತಿ. ನರಸೀಪುರ
30-9-1998

ಕೋಮಲ,

ಈ ಕಾಗದ ಓದಿದ ಮೇಲೆ ಹರಿದುಹಾಕು.

ನಮಗೆ ದಸರಾ ರಜ. ಅಪ್ಪನ ಸರ್ಕಾರಿ ಆಫೀಸಿಗೆ ಅಷ್ಟು ರಜ ಇಲ್ಲ, ಅದನ್ನು ನೋಡಿಕೊಂಡೇ ಸೋಮವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಅಪ್ಪ ಡಫೇದಾರನ ಬಿಲ್ಲೆ ಪಟ್ಟಿ ಹಾಕಿಕೊಂಡು ನಂಜನಗೂಡಿನ ಬಸ್ಸು ಹತ್ತಿದ್ದನ್ನು ದೂರದಿಂದಲೇ ನೋಡಿ, ಆಮೇಲೆ ಮನೆಯ ಹಿತ್ತಿಲಿಂದ ಹೋದೆ. ಹಿಂದಿನ ಬಾಗಿಲು ತೆರೆದಿತ್ತು. ಅವ್ವ ಒಲೆಯ ಪಕ್ಕ ಕೂತಿದ್ದಳು. ತಲೆಗೆ ಸ್ನಾನ ಮಾಡಿದ್ದಳು. ಬರೀ ಗೋಡೆಯ ಮುಂದೆ ಒಂದು ಚಿಪ್ಪಿನಲ್ಲಿ ಕರ್ಪೂರ ಉರಿಯುತ್ತಿತ್ತು.

ನನ್ನನ್ನು ಕಂಡು ಅಂಗೈಯಿಂದ ಆರಿಸಲು ಹೋದಳು. ನಾನು ಕೈ ಹಿಡಿದುಕೊಂಡೆ. ಸುಟ್ಟುಕೊಂಡಿದ್ದಾಳೆ, ಸ್ವಲ್ಪವೇ.

ಏಳು ವರ್ಷದಿಂದ ಸೋಮವಾರ ಸೋಮವಾರ ಹಚ್ಚುತ್ತಿದ್ದಾಳಂತೆ. ಮಾದಪ್ಪನಿಗೆ. ಪಟವಿಲ್ಲ, ಕಲ್ಲಿಲ್ಲ, ಬರೀ ಗೋಡೆಗೆ. ಯಾಕವ್ವ ಅಂದೆ. "ಅವ್ರು ಬುದ್ಧನ್ನ ತಂದ್ರು, ನಾ ಬ್ಯಾಡ ಅನ್ನಲಿಲ್ಲ. ಒಳ್ಳೇ ಮೊಕ ಅದು. ಅಂಗಂತ ಮಾದಪ್ಪನ್ನ ನಾನೆಂಗವ್ವ ಆಚೆಗೆ ಕಳಿಸ್ಲಿ? ಅವ್ನು ಎಲ್ಲಿಗೋದಾನು?" ಅಂದಳು. ನನಗೆ ನಗುವೂ ಬಂತು, ಅಳುವೂ ಬಂತು.

ಈಗ ನಿನ್ನ ವಿಷಯ. ಮನೆಯಲ್ಲಿ ಕರ್ಪೂರ ಇಟ್ಟರೆ ವಾಸನೆಯೇ ಹೇಳಿಬಿಡುತ್ತದೆ. ಅದಕ್ಕೆ ಅವಳು ಏನು ಮಾಡಿದ್ದಾಳೆ ಗೊತ್ತೇ? ಸೀರೆ ಟ್ರಂಕಿನಲ್ಲಿ ನುಸಿಗುಳಿಗೆಯ ತಗಡಿನ ಡಬ್ಬಿ ಇದೆಯಲ್ಲ, ಕರ್ಪೂರವನ್ನು ತಂದು ಅದರೊಳಗೇ ಬೆರೆಸಿ ಇಟ್ಟಿದ್ದಾಳೆ. ಅಪ್ಪ ಮೂಸಿದರೂ ನುಸಿಗುಳಿಗೆ, ನೋಡಿದರೂ ನುಸಿಗುಳಿಗೆ. ಹಚ್ಚುವಾಗ ಚಪ್ಪಟೆ ಇರುವುದನ್ನು ಆರಿಸಿ ತೆಗೆಯುತ್ತಾಳೆ. ನೀನು ಚೆನ್ನೈಗೆ ಹೊರಟಾಗ ಬಟ್ಟೆಗೆಂದು ಆ ಡಬ್ಬಿಯ ಅಡಿಯಲ್ಲಿದ್ದ ಮುದ್ದೆಯನ್ನು ಆತುರದಲ್ಲಿ ಹಾಗೆಯೇ ಕಟ್ಟಿಕೊಟ್ಟಿದ್ದಾಳೆ. ಆವತ್ತು ನನ್ನ ಬಾಯಲ್ಲಿ ಕರ್ಪೂರ ಅಂತ ಕೇಳಿದ ಮೇಲೆ ಅವಳಿಗೆ ಜೀವವೇ ಇಲ್ಲ.

ನಾನು ನಂಬದೆ ಒಂದು ಪಾತ್ರೆಗೆ ನೀರು ಹಾಕಿ ಡಬ್ಬಿಯಿಂದ ಒಂದೊಂದೇ ತುಂಡು ಬಿಟ್ಟು ನೋಡಿದೆ. ಕೆಲವು ಕಲ್ಲಿನ ಹಾಗೆ ಮುಳುಗಿದವು. ಕೆಲವು ತೇಲಿ ನೀರಿನ ಮೇಲೆ ಗಿರ್ರನೆ ಓಡಾಡಿದವು. ಮುಳುಗಿದ್ದು ನುಸಿಗುಳಿಗೆ, ಓಡಿದ್ದು ಕರ್ಪೂರ. ಅಡಿಯಲ್ಲಿ ಬೇಸಿಗೆಯ ಸೆಕೆಗೆ ಎರಡೂ ಸೇರಿ ಅಂಟಾಗಿ ಮುದ್ದೆ ಕಟ್ಟಿದೆ. ಆ ಮುದ್ದೆಯನ್ನು ಗಾಜಿನ ಸೀಸೆಗೆ ತುಂಬಿ ಇವತ್ತು ಪಾರ್ಸೆಲ್ ಮಾಡಿದ್ದೇನೆ.

ಅಪ್ಪನಿಗೆ ಹೇಳುವುದಿಲ್ಲ ಅಂತ ಅವ್ವ ನನ್ನ ಕೈಲಿ ಮಾತು ತಗೊಂಡಿದ್ದಾಳೆ. ನಿನ್ನ ಪರವಾಗಿಯೂ ನಾನೇ ಕೊಟ್ಟಿದ್ದೇನೆ.

ರೋಜಾ

*

ಚೆನ್ನೈ
22-11-1998

ಅಕ್ಕ,

ಎಂಬತ್ತಾರು.

ಸರ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಕುಲುಮೆಯನ್ನು ಅವರೇ ಹಚ್ಚಿದರು, ತಾಮ್ರದ ಹಾಳೆಯನ್ನು ಅವರೇ ತೂಗಿದರು. ನಾಲ್ಕು ದಿನ ಕಳೆದು ಯಂತ್ರದ ಕಾಗದ ಹೊರಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

ಮುದ್ದೆಯನ್ನು ಬಿಡಿಸಿ ಪರೀಕ್ಷೆ ಮಾಡಿಸಿದೆ. ಮೂರು ಪಾಲು ಕರ್ಪೂರ, ಒಂದು ಪಾಲು ನುಸಿಗುಳಿಗೆ, ಅಂದರೆ ನ್ಯಾಫ್ತಲೀನ್. ಕರ್ಪೂರಕ್ಕೆ ಇನ್ನೊಂದು ವಸ್ತು ಸೇರಿದರೆ ಅದು ಬಹಳ ಬೇಗ ಕರಗುತ್ತದೆ ಅಂತ ಬಿ.ಎಸ್ಸಿ.ಯಲ್ಲೇ ಓದಿದ್ದೆ. ಮುದ್ದೆಯಾದದ್ದನ್ನು ಕಣ್ಣಾರೆ ಕಂಡೂ ನನಗೆ ಹೊಳೆಯಲಿಲ್ಲ. ಬರೀ ಕರ್ಪೂರದ ಪೊರೆಯಲ್ಲಿ ಇಂಗಾಲ ಅಡ್ಡಾದಿಡ್ಡಿ ಕೂರುತ್ತದೆ, ಬರೀ ನ್ಯಾಫ್ತಲೀನ್ ಆದರೆ ಮಸಿ. ಎರಡೂ ಸೇರಿದರೆ ಪದರ ಪದರವಾಗಿ ಕೂರುತ್ತದೆ ಅನ್ನಿಸುತ್ತದೆ. ಲ್ಯಾಬಿನ ಶುದ್ಧ ಬಾಟಲಿಗಳಿಂದ ಅದೇ ಪ್ರಮಾಣದಲ್ಲಿ ಬೆರೆಸಿ ಮಾಡಿದಾಗಲೂ ಎಂಬತ್ತೈದು ಬಂತು. ಇನ್ನು ಯಾರು ಬೇಕಾದರೂ ಮಾಡಬಹುದು.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಸರ್ ಕೇಳಿದರು, ಮಾರ್ಚಿನ ನೋಟ್‌ಬುಕ್ಕಿನಲ್ಲಿ ಲ್ಯಾಬಿನ ಕರ್ಪೂರ ಅಂತ ಯಾಕಿದೆ? ನಾನು ನಿಜ ಹೇಳಿದೆ. ಟ್ರಂಕು, ಗಂಟು, ನಾಚಿಕೆ, ಎಲ್ಲ. ಅವ್ವನ ಗುಟ್ಟು ಮಾತ್ರ ಹೇಳಲಿಲ್ಲ, ಮನೆಯಿಂದ ಬಂದದ್ದು ಅಂದೆ. ಅವರು, ಈಗಿನ ಫಿಲ್ಮನ್ನು ಸಮಿತಿ ಒಪ್ಪುತ್ತದೆ, ಮಾರ್ಚಿನದನ್ನು ಒಪ್ಪುವುದಿಲ್ಲ ಅಂದರು. ಮೊದಲು ಸುಳ್ಳು ಗ್ರಾಫು ಬರೆದಳು, ಆಮೇಲೆ ಹೇಗೋ ಒಂದು ಬೆರಕೆ ಹುಡುಕಿ ಅದಕ್ಕೆ ಹೊಂದಿಸಿದಳು ಅಂತ ಸಮಿತಿಯವರು ಅನ್ನುತ್ತಾರೆ. ಅದಕ್ಕೆ ಆ ಗಂಟು ಕೊಟ್ಟವರಿಂದಲೇ ಒಂದು ಹೇಳಿಕೆ ಬೇಕಂತೆ. ಏನು ಕೊಟ್ಟರು, ಅದು ಹೇಗೆ ಬೆರೆಯಿತು, ಎಂದಿನಿಂದ ಒಟ್ಟಿಗೆ ಇತ್ತು. ಸಹಿ ಮಾಡಿ, ಸಾಕ್ಷಿ ಹಾಕಿಸಿ ತಂದರೆ ಮಾರ್ಚಿನ ಫಿಲ್ಮೂ ಉಳಿಯುತ್ತದೆ.

ಹೇಗೆ ಬೆರೆಯಿತು ಅಂತ ಬರೆದರೆ ಯಾಕೆ ಬೆರೆಸಿದರು ಅಂತಲೂ ಬರೆಯಬೇಕಾಗುತ್ತದೆ. ಅವ್ವನ ಹೆಬ್ಬೆಟ್ಟು ಬೇಕು ಅಕ್ಕ. ಏನು ಮಾಡಲಿ?

ಕೋಮಲ

*

ತಿ. ನರಸೀಪುರ
30-11-1998

ಕೋಮಲ,

ಏನು ಮಾಡಲಿ ಅಂತ ಕೇಳುತ್ತೀಯಲ್ಲ, ಅದನ್ನು ಕೇಳಲೇಬಾರದಿತ್ತು.

ನೀನು ಹೇಳಿಕೆ ಓದಿ, ಶಹಬ್ಬಾಸ್ ಅನ್ನಿಸಿಕೊಂಡು ಅಲ್ಲೇ ಇರುತ್ತೀಯ. ಅವ್ವ ಇರಬೇಕಾದದ್ದು ಆ ಮನೆಯಲ್ಲಿ. ಅಪ್ಪ ಅಕ್ಟೋಬರ್ ಹದಿನಾಲ್ಕರ ಸಭೆಯಲ್ಲಿ ಏನು ಮಾತಾಡಿದರು ಗೊತ್ತೇ? ನಾನು ಮುಂದಿನ ಸಾಲಿನಲ್ಲಿ ಅವ್ವನ ಪಕ್ಕ ಕೂತಿದ್ದೆ. "ನಮ್ಮಟ್ಟಿಗೆ ಬಂದು ಯಾರು ಬೇಕಾದ್ರೂ ಉಡುಕಿ. ಒಂದು ಚೂರು ಕರ್ಪೂರ ಸಿಕ್ಕುದ್ರೆ ನಾನು ಈ ಕಾರ್ಯದರ್ಶಿ ಕೆಲ್ಸ ಬುಡ್ತೀನಿ" ಅಂದರು. ಇನ್ನೂರು ಜನ ಚಪ್ಪಾಳೆ ತಟ್ಟಿದರು. ಅವ್ವನೂ ತಟ್ಟಿದಳು. ಅವಳ ಅಂಗೈಯ ಬೊಬ್ಬೆ ಇನ್ನೂ ಪೂರ್ತಿ ಆರಿರಲಿಲ್ಲ.

ಅದಕ್ಕೆ ನಾನೇ ಒಂದು ದಾರಿ ಹುಡುಕಿದ್ದೇನೆ. ಹೇಳಿಕೆಯನ್ನು ನಾನು ಬರೆದು ಕೊಡುತ್ತೇನೆ. ಗಂಟು ಕಟ್ಟಿಕೊಟ್ಟದ್ದು ನಾನು, ಲ್ಯಾಬಿನ ಬೀರುವಿನಲ್ಲಿ ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿದ್ದೆ ಅಂತ. ಲ್ಯಾಬ್ ಅಟೆಂಡರ್ ಹತ್ತಿರ ನುಸಿಗುಳಿಗೆ, ಕರ್ಪೂರ ಎರಡೂ ಇರುವುದು ಯಾರಿಗೂ ವಿಚಿತ್ರವಲ್ಲ. ನಮ್ಮ ಸ್ಟೋರ್ ಕೀಪರ್ ಮಲ್ಲಾಜಮ್ಮ ಸಾಕ್ಷಿ ಹಾಕುತ್ತಾಳೆ, ಕೇಳಿದ್ದೇನೆ. ನಿನ್ನ ಮಾರ್ಚೂ ಉಳಿಯುತ್ತದೆ, ಅವ್ವನೂ ಉಳಿಯುತ್ತಾಳೆ. ಒಂದು ಕಾರ್ಡು ಬರೆ, ಕಳಿಸುತ್ತೇನೆ. ಹಠ ಮಾಡಬೇಡ.

ರೋಜಾ

*

ಚೆನ್ನೈ
9-12-1998

ಅಕ್ಕ,

ನಿನ್ನ ಹೇಳಿಕೆ ಬೇಡ.

ಸಿಟ್ಟಿನಿಂದ ಬರೆಯುತ್ತಿಲ್ಲ. ನೀನು ನನಗಾಗಿ ನಿನ್ನ ಕೆಲಸವನ್ನೇ ಪಣಕ್ಕಿಡಲು ಹೊರಟೆ, ಅದನ್ನು ನಾನು ಮರೆಯುವುದಿಲ್ಲ. ವಾರ ಪೂರ್ತಿ ಕಾರ್ಡು ಬರೆದು ಹರಿದೆ. ಒಪ್ಪಿದೆ ಅಂತ ಬರೆದ ಕಾರ್ಡು ಒಂದು ದಿನ ನನ್ನ ಚೀಲದಲ್ಲೇ ಓಡಾಡಿತು. ಆದರೆ ಒಂದು ಸುಳ್ಳು ನಂಬರು ಬರೆದದ್ದಕ್ಕೆ ಒಂಬತ್ತು ತಿಂಗಳು ಹೀಗೆ ಬೆಂದಿದ್ದೇನೆ. ಅದನ್ನು ಮುಚ್ಚಲು ಸಾಕ್ಷಿ ಸಮೇತ ಇನ್ನೊಂದು ಸುಳ್ಳು ಕಾಗದ ಇಟ್ಟರೆ, ನನ್ನನ್ನು ಸುಳ್ಳಿ ಅಂದವರು ಹೇಳಿದ್ದೇ ಸರಿ ಅಂತಾಗುತ್ತದೆ.

ಅವ್ವನನ್ನೂ ಕೇಳುವುದಿಲ್ಲ. ನೀನು ಕೊಟ್ಟ ಮಾತು ನನ್ನದೂ ಹೌದು. ಎಂಟನೇ ತಾರೀಖು ಸಮಿತಿಯ ಮುಂದೆ ಹೋಗಿ, ಹೇಳಿಕೆ ತರಲು ಆಗಲಿಲ್ಲ, ಕಾರಣ ಹೇಳಲಾರೆ ಅನ್ನುತ್ತೇನೆ. ಮಾರ್ಚನ್ನು ಹೊಡೆದುಹಾಕುವುದಾದರೆ ಹೊಡೆದುಹಾಕಲಿ. ರಿಜಿಸ್ಟ್ರೇಷನ್ ಉಳಿಯುವುದು ಅನುಮಾನ ಅಂತ ಸರ್ ಹೇಳಿದ್ದಾರೆ. ಆ ಬೆರಕೆಯಿಂದ ಇನ್ನೊಬ್ಬರು ಕೆಲಸ ಮುಂದುವರಿಸುತ್ತಾರೆ. ಹೋದರೆ ನನ್ನ ಹೆಸರು ಹೋಗಲಿ, ಅವ್ವನ ಸೋಮವಾರ ಇರಲಿ.

ಭಯವಾಗುತ್ತಿದೆ ಅಕ್ಕ. ಇದನ್ನು ಅವ್ವನಿಗೆ ಓದಿ ಹೇಳಬೇಡ.

ಕೋಮಲ

*

ನಂಜನಗೂಡು
30-12-1998

ಮಗಳು ಕೋಮಲಳಿಗೆ ತಂದೆ ಪುಟ್ಟಬಸವಯ್ಯ ಬರೆಯುವುದು.

ಇದರ ಜೊತೆ ಇಪ್ಪತ್ತು ರೂಪಾಯಿ ಛಾಪಾ ಕಾಗದದಲ್ಲಿ ಬರೆಸಿದ ಹೇಳಿಕೆ ಇದೆ. ತಲುಪಿದ ಕೂಡಲೆ ತಿಳಿಸು.

ನೀನು ಓದಿ ಹೇಳಬೇಡ ಎಂದ ಕಾಗದವನ್ನು ರೋಜಾ ಬಂದು ನಿನ್ನ ತಾಯಿಗೆ ಓದಿ ಹೇಳಿದಳು. ಅವಳು ಹಾಗೆ ಮಾಡಿದ್ದು ಸರಿಯೋ ತಪ್ಪೋ ನನಗೆ ತಿಳಿಯದು. ಮಾರನೆಯ ದಿನ, ಅಂದರೆ ಇಪ್ಪತ್ತೊಂದನೇ ತಾರೀಖು ಸೋಮವಾರ, ನಾನು ಬಿಲ್ಲೆ ಪಟ್ಟಿ ಹಾಕಿಕೊಳ್ಳುತ್ತಿದ್ದಾಗ ನಿನ್ನ ತಾಯಿ ಬಾಗಿಲಿಗೆ ಅಡ್ಡ ನಿಂತು, ಇವತ್ತು ಆಫೀಸಿಗೆ ಹೋಗಬೇಡಿ ಎಂದಳು. ಆಮೇಲೆ ಡಬ್ಬಿಯನ್ನು ತಂದು ನನ್ನ ಮುಂದಿಟ್ಟು ಎಲ್ಲವನ್ನೂ ಹೇಳಿದಳು. ಅಳಲಿಲ್ಲ. ಕ್ಷಮಿಸಿ ಎಂದೂ ಕೇಳಲಿಲ್ಲ. "ನಾ ಮಾಡಿದ್ದು ನನ್ನ ತಲೆಗಿರ್ಲಿ. ನನ್ ಮಗ್ಳು ಕಳ್ಳಿ ಅನ್ನಿಸ್ಕಬಾರ್ದು" ಎಂದಳು.

ನಾನು ಐದು ದಿನ ಮನೆಯಲ್ಲಿ ಮಾತನಾಡಲಿಲ್ಲ. ಸಂಘದ ಕಚೇರಿಯಲ್ಲೇ ಮಲಗಿದ್ದೆ. ಸಿಟ್ಟಿಗಿಂತ ಅವಮಾನ ಹೆಚ್ಚಾಗಿತ್ತು. ಏಳು ವರ್ಷ ನಾನು ಊರೂರಿಗೆ ಹೋಗಿ ಹೇಳಿದ್ದೆಲ್ಲ ನನ್ನ ಮನೆಯಲ್ಲೇ ಸುಳ್ಳಾಗಿತ್ತು. ಇವಳು ಚಪ್ಪಾಳೆ ತಟ್ಟಿದ್ದು ನೆನಪಾದರೆ ಈಗಲೂ ಮೈ ಉರಿಯುತ್ತದೆ. ನಾನು ನಂಬಿದ್ದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅವಳ ಮೇಲಿನ ಸಿಟ್ಟೂ ಇನ್ನೂ ಪೂರ್ತಿ ಇಳಿದಿಲ್ಲ.

ಆರನೆಯ ದಿನ ರೋಜಾಳಿಂದ ನಿನ್ನ ಕಾಗದ ತರಿಸಿಕೊಂಡು ನಾನೇ ಓದಿದೆ. ನಿನಗೆ ಹೇಳಿಲ್ಲ, ನೀನು ಹುಟ್ಟುವ ಮೊದಲು ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಗ ಆಫೀಸಿನ ಒಂದು ಖಾತೆ ಪುಸ್ತಕ ಕಾಣೆಯಾಯಿತು. ಎಲ್ಲರೂ ಮೊದಲು ನನ್ನ ಕಡೆಯೇ ನೋಡಿದರು. ಮೂರು ದಿನ ಕಳೆದು ಅದು ಸಾಹೇಬರ ಬೀರುವಿನಲ್ಲೇ ಸಿಕ್ಕಿತು. ಯಾರೂ ಏನೂ ಹೇಳಲಿಲ್ಲ. ಆ ಮೂರು ದಿನ ನನ್ನ ಪರವಾಗಿ ಒಂದು ಮಾತು ಬರೆದುಕೊಡುವವರು ಯಾರೂ ಇರಲಿಲ್ಲ.

ನಿನ್ನೆ ನಿನ್ನ ತಾಯಿಯನ್ನು ಕರೆದುಕೊಂಡು ಕೋರ್ಟಿನ ಮುಂದೆ ಟೈಪಿಸ್ಟ್ ಬಸವಣ್ಣನ ಹತ್ತಿರ ಹೋದೆ. ಅವನು ನನಗೆ ಇಪ್ಪತ್ತು ವರ್ಷದ ಪರಿಚಯ, ನನ್ನ ಭಾಷಣಗಳನ್ನೆಲ್ಲ ಕೇಳಿದವನು. ನಾನು ಹೇಳುತ್ತಾ ಹೋದೆ, ಅವನು ಬಡಿಯುತ್ತಾ ಹೋದ. ಹೇಳಿಕೆ ಹೀಗಿದೆ:

"ನಂಜನಗೂಡು ತಾಲ್ಲೂಕು ದೇವನೂರು ಗ್ರಾಮದ ವಾಸಿ ಪುಟ್ಟಬಸವಯ್ಯನವರ ಹೆಂಡತಿ ಮರಿತಾಯಮ್ಮ, ವಯಸ್ಸು ಸುಮಾರು ಐವತ್ತೆರಡು, ಆದ ನಾನು ಬರೆಸಿಕೊಟ್ಟ ಹೇಳಿಕೆ ಏನೆಂದರೆ, ನಾನು 1991ನೇ ಇಸವಿಯಿಂದ ಪ್ರತಿ ಸೋಮವಾರ ಹಚ್ಚುವ ಸಲುವಾಗಿ ಕರ್ಪೂರವನ್ನು ತಂದು, ನನ್ನ ಗಂಡನಿಗೆ ತಿಳಿಯಬಾರದೆಂದು ಅದನ್ನು ನುಸಿಗುಳಿಗೆಯ ಡಬ್ಬಿಯಲ್ಲಿ ಬೆರೆಸಿ ಇಡುತ್ತಿದ್ದೆನು. ಆ ಡಬ್ಬಿಯ ಅಡಿಯಲ್ಲಿದ್ದ ಮುದ್ದೆಯನ್ನು ನನ್ನ ಮಗಳು ಕೋಮಲಳಿಗೆ ನಾನೇ ನನ್ನ ಕೈಯಾರೆ ಕಟ್ಟಿಕೊಟ್ಟೆನು. ಅದರಲ್ಲಿ ಬೆರಕೆ ಇದ್ದದ್ದು ಅವಳಿಗೆ ತಿಳಿದಿರಲಿಲ್ಲ."

ಇಷ್ಟಾದ ಮೇಲೆ ಬಸವಣ್ಣ ಕೈ ನಿಲ್ಲಿಸಿ, ಗಂಡನ ಮಾತು ಬೇಡ, ಒಟ್ಟಿಗೆ ಇತ್ತು ಅಂತ ಬರೆದರೆ ಸಾಲದೇ ಎಂದು ಕೇಳಿದ. ನಾನು ಸಾಲದು ಎಂದೆ. ನಿನ್ನ ತಾಯಿ ಎಡಗೈ ಹೆಬ್ಬೆಟ್ಟು ಒತ್ತಿದಳು. ಸಾಕ್ಷಿಯ ಜಾಗಕ್ಕೆ ಬಂದಾಗ ಅವನು ಮತ್ತೆ ತಡೆದ.

"ಬೇರೆ ಯಾರಾದ್ರೂ ಆಕ್ಲಿ ಬುಡಿ ಅಣ್ಣ. ನಿಮ್ಮೆಸ್ರು ಯಾಕೆ?"

"ಅಟ್ಟಿ ನಂದು ಕಣಯ್ಯ" ಎಂದು ಹೇಳಿ ನಾನೇ ಸಹಿ ಹಾಕಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ನಿನ್ನ ತಾಯಿಯೂ ನಾನೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಅವಳ ಬೆರಳಿನ ಶಾಯಿ ಸೆರಗಿಗೆ ಹತ್ತಿತ್ತು.

ಹೇಳಿಕೆಯನ್ನು ಎರಡು ಪ್ರತಿ ಮಾಡಿಸಿದ್ದೇನೆ. ಬರುವ ಭಾನುವಾರ ಸಂಘದ ಸಭೆ ಕರೆದಿದ್ದೇನೆ. ಎಂಟನೇ ತಾರೀಖು ನೀನು ಅಲ್ಲಿ ಎದ್ದುನಿಂತು ಇದನ್ನು ಓದು. ಅದಕ್ಕೆ ಐದು ದಿನ ಮೊದಲು ನಾನು ಇಲ್ಲಿ ಎದ್ದುನಿಂತು ಓದಿರುತ್ತೇನೆ.

ಇಂತಿ ನಿನ್ನ ತಂದೆ,
ಪುಟ್ಟಬಸವಯ್ಯ